ತೊಂಬತ್ತಾರು ಹೇಗೆ ಬಂತು

ಚಿಯಾತುರಾ. ಫೆಬ್ರವರಿ.
ಗಣಿಗೆ ಹೋಗುವ ಕೇಬಲ್ ಕಾರು
ಕಿರುಗುಟ್ಟುತ್ತ ಕಣಿವೆ ದಾಟುವುದು ನಮ್ಮ ಕಿಟಕಿಗೆ ಕಾಣುತ್ತದೆ.
ಎರಡನೇ ತರಗತಿ, ಹತ್ತೊಂಬತ್ತು ಮಕ್ಕಳು.
ನನ್ನ ತೋಳಿನ ಮೇಲೆ ಸೀಮೆಸುಣ್ಣಕ್ಕಿಂತ
ಮ್ಯಾಂಗನೀಸಿನ ಕರಿಪುಡಿಯೇ ಜಾಸ್ತಿ.

ನಾನು ಲಮಾರಾ.
ಇಪ್ಪತ್ತೇಳು ವರ್ಷದಿಂದ ಲೆಕ್ಕ ಹೇಳಿಕೊಡುತ್ತಿದ್ದೇನೆ.
ಹಾಗಂತ ಅಂದುಕೊಂಡಿದ್ದೇನೆ.

ಅವತ್ತು ನಾನು ಓದುವುದು, ಅವರು ಕೇಳಿ ಬರೆಯುವುದು:
ತೊಂಬತ್ತೆರಡರಲ್ಲಿ ಎಪ್ಪತ್ತಾರು ಕಳೆ.
ಚೀಟಿಯಲ್ಲಿ ಉತ್ತರವಷ್ಟೇ ಸಾಕು.
ತ್ಸೋತ್ನೆ ಬರೆದ: ತೊಂಬತ್ತಾರು.

ಇದ್ದದ್ದಕ್ಕಿಂತ ಉಳಿದದ್ದೇ ಹೆಚ್ಚು!
ಕೆಂಪು ಗೀಟು ಎಳೆದೆ. ಪಕ್ಕದಲ್ಲಿ, ‘ಗಮನವಿಲ್ಲ.’
ಇದೇ ಮಾತು ಅವರಪ್ಪ ಮಾಮುಕಾನ ಪುಸ್ತಕದಲ್ಲೂ
ಬರೆದಿದ್ದೆ, ಇದೇ ಕೋಣೆಯಲ್ಲಿ,
ಇಷ್ಟೇ ದುಂಡಗೆ.

ಈ ವರ್ಷ ಒಂದು ರೂಢಿ ಹಾಕಿಕೊಂಡಿದ್ದೇನೆ.
ಗಂಟೆಗೆ ಐದು ನಿಮಿಷ ಮುಂಚೆ ಬೋರ್ಡು ಒರೆಸಿ ಹೇಳುತ್ತೇನೆ:
ಇವತ್ತು ಕಾಲು ಎಲ್ಲಿ ಸಿಕ್ಕಿಕೊಂಡಿತು, ಬರೆಯಿರಿ.
ಕಾಗುಣಿತ ನೋಡುವುದಿಲ್ಲ. ಅಂಕವಿಲ್ಲ.
ಮೊದಮೊದಲು ಎಲ್ಲರೂ ಬರೆದದ್ದು
ನನಗೆ ಇಷ್ಟವಾಗಬಹುದಾದದ್ದು.

ರಾತ್ರಿ, ಒಲೆಯ ಪಕ್ಕ, ಚೀಟಿಗಳ ಕಟ್ಟು.

ಬಾಚೋ: ‘ಹತ್ತರ ಮನೆಯಿಂದ ಸಾಲ ತಂದೆವು.
ಯಾವಾಗ ವಾಪಸು ಕೊಡುತ್ತೇವೆ?’
(ಇದಕ್ಕೆ ನನ್ನಲ್ಲಿ ಇನ್ನೂ ಉತ್ತರವಿಲ್ಲ.)

ಪುಟ್ಟ ಇಯಾ: ‘ಕೇಬಲ್ ಕಾರು ನಡುವೆ ನಿಂತುಬಿಟ್ಟಿತ್ತು.
ಅದರಲ್ಲಿ ಅಪ್ಪ ಇದ್ದಾನಾ ಅಂತ ನೋಡುತ್ತಿದ್ದೆ.
ಲೆಕ್ಕ ಕೇಳಿಸಲಿಲ್ಲ.’

ಗುರಾಂದಾ: ‘ಎಲ್ಲ ಅರ್ಥವಾಯಿತು.’
ಮುತ್ತು ಪೋಣಿಸಿದಂಥ ಅಕ್ಷರ. ಮೂರು ವಾರದಿಂದ ಅದೇ ಸಾಲು.

ಕೊನೆಗೆ ತ್ಸೋತ್ನೆ, ಪೆನ್ಸಿಲ್ ಒತ್ತಿ ಒತ್ತಿ:
‘ಟೀಚರ್ ನಾಲ್ಕಿಪ್ಪತ್ತು ಮತ್ತು ಹನ್ನೆರಡು ಅಂದರು.
೪ ಬರೆದು ೧೨ ಬರೆದೆ.
ಮೂರಿಪ್ಪತ್ತು ಮತ್ತು ಹದಿನಾರು ಅಂದರು.
೩ ಬರೆದು ೧೬ ಬರೆದೆ.
ಆಮೇಲೆ ಸರಿಯಾಗಿಯೇ ಕಳೆದೆ.’

ಚೀಟಿಯ ಬೆನ್ನಿಗೆ ನಾನೇ ಮಾಡಿ ನೋಡಿದೆ.
ನಾನೂರ ಹನ್ನೆರಡರಲ್ಲಿ ಮುನ್ನೂರ ಹದಿನಾರು.
ಎರಡು ಸಲ ಮಾಡಿದೆ.
ತೊಂಬತ್ತಾರು. ತೊಂಬತ್ತಾರೇ.
ಸಾಲ ತಂದಿದ್ದ, ದಶಕ ದಾಟಿದ್ದ,
ಒಂದು ಹೆಜ್ಜೆಯೂ ತಪ್ಪಿರಲಿಲ್ಲ ಹುಡುಗ.

ನಮ್ಮ ಜಾರ್ಜಿಯನ್ ನಾಲಿಗೆ ಎಣಿಸುವುದು ಇಪ್ಪತ್ತಿಪ್ಪತ್ತಾಗಿ,
ಕೈಬೆರಳು ಸಾಲದೆ ಕಾಲ್ಬೆರಳಿಗೂ ಇಳಿದ ಹಾಗೆ.
ಕಾಗದ ಎಣಿಸುವುದು ಹತ್ತತ್ತಾಗಿ.
ನಡುವೆ ಇಷ್ಟು ಆಳದ ಕಣಿವೆ ಇದ್ದೀತೆಂದು
ಹುಟ್ಟಿನಿಂದ ದಾಟುತ್ತಿದ್ದವಳಿಗೆ ಹೊಳೆದಿರಲಿಲ್ಲ.

ಮಾರನೆಯ ದಿನ ಪೆನ್ಸಿಲ್ ಇಸಿದುಕೊಂಡು
ಬಾಯಲ್ಲಿ ಕೇಳಿದೆ, ಅದೇ ಲೆಕ್ಕ.
‘ಒಂದಿಪ್ಪತ್ತು ಉಳೀತು, ನಾಲ್ಕು ಕಡಿಮೆ ಬಿತ್ತು, ಹದಿನಾರು’
ಅಂದ, ಮೂಗು ಒರೆಸಿಕೊಳ್ಳುತ್ತ.
ನಾನು ಯಾವತ್ತೂ ಹೇಳಿಕೊಡದ ದಾರಿ.
‘ಬೋರ್ಡಿಗೆ ಬಾ, ಎಲ್ಲರಿಗೂ ತೋರಿಸು’ ಅಂದೆ.
ಬರಲಿಲ್ಲ. ಮೂರನೇ ದಿನ ಬಂದ.

ಸಂಜೆ ರೊಟ್ಟಿಯಂಗಡಿಯ ಸಾಲಿನಲ್ಲಿ ಮಾಮುಕಾ ಸಿಕ್ಕ.
ಕಣ್ರೆಪ್ಪೆಯಲ್ಲಿ ಗಣಿಯ ಮಸಿ.
‘ಹೇಗೆ ಓದುತ್ತಾನೆ ಮೇಡಂ, ನನ್ನ ಹಾಗೇ ದಡ್ಡನಾ?’
ನಗುತ್ತಲೇ ಕೇಳಿದ.
ಹೇಳಬೇಕಾದ್ದು ಇಪ್ಪತ್ತೇಳು ವರ್ಷದಷ್ಟಿತ್ತು.
ರೊಟ್ಟಿ ಬಿಸಿಯಿತ್ತು, ಹಿಂದೆ ಜನ ನೂಕುತ್ತಿದ್ದರು.
‘ಜಾಣ’ ಅಂದೆ. ಅಷ್ಟೇ ಅಂದೆ.

ಕೆಂಪು ಪೆನ್ನು ಡ್ರಾಯರಿನಲ್ಲಿದೆ.
ಎಸೆದಿಲ್ಲ; ಹಾಜರಿಗೆ ಬೇಕಾಗುತ್ತದೆ.

ಮಾರ್ಚ್ ಮೊದಲ ವಾರ.
ಗುರಾಂದಾಳ ಚೀಟಿ: ‘ಎಲ್ಲ ಅರ್ಥ’
ಅಲ್ಲಿಗೆ ನಿಂತಿದೆ.
ಮುಂದಿನದನ್ನು ರಬ್ಬರು ತಿಂದಿದೆ,
ಕಾಗದ ತೂತಾಗುವಷ್ಟು ಉಜ್ಜಿ.
ಆ ತೂತನ್ನು ದೀಪಕ್ಕೆ ಹಿಡಿದು
ಓದುತ್ತಾ ಕೂತಿದ್ದೇನೆ.