ಬೆನ್ನಿನ ಅಂಕಿ

ಗಾಲಿ ನೋಡುವುದೆಂದರೆ ಮುಖ ನೋಡುವುದಲ್ಲ, ಗಿಬಿ.
ಬೋರಲು ಹಾಕು. ಟಾರ್ಚು ಹಿಡಿ.
ಕಡ್ಡಿಯ ಹಿಂಬದಿಗೆ, ಯಾರೂ ಒರೆಸದ ಸಂದಿಯಲ್ಲಿ
ಎರಕದಲ್ಲೇ ಮೂಡಿದ ಅಂಕಿ ಇದೆ: ೬೯೦.
ಇಷ್ಟು ಕಿಲೊ ಹೊರುತ್ತೇನೆ, ಮೇಲೊಂದು ಹಿಡಿಯೂ ಬೇಡ
ಎಂದು ಹುಟ್ಟಿದ ದಿನವೇ ಹೇಳಿಕೊಂಡಿದೆ ಪಾಪ,
ಕೇಳಿದವರಿಲ್ಲ.

ಕಪ್ಪು ಮಿಂಚಿನ ಇವನ್ನು ಆರಿಸಿದ್ದು ವಿಲ್ಮಾ.
ಫ್ರೇಜರ್‌ಬರ್ಗಿನ ಬಂದರು ರಸ್ತೆಯಲ್ಲಿ ನನ್ನ ಟೈರಂಗಡಿ;
ಬಾಗಿಲಲ್ಲಿ, ಉತ್ತರ ಸಮುದ್ರದ ಗಾಳಿಗೆ
ಸ್ಕಾರ್ಫು ಒತ್ತಿಹಿಡಿದು ನಿಂತಿದ್ದಾಳೆ.
"ಹೊರಗೆ ತಳುಕು, ಒಳಗೆ ಹುಳುಕು, ಅಲ್ಲವೇ?"
ಹುಳುಕೇನಿಲ್ಲ. ಒಳ್ಳೆಯ ಗಾಲಿಯೇ.
ಆದರೆ ಕಾರಿನ ಗಾಲಿ.
ನಿಮ್ಮದು ಮನೆ.

ಗಿಬಿ ದೋಣಿಯ ಯಜಮಾನನಾಗಿದ್ದವನು, ಲೆಕ್ಕಕ್ಕೆ ಹೆದರುವವನಲ್ಲ:
"ಆರುನೂರ ತೊಂಬತ್ತು ನಾಲ್ಕಲಿ
ಎರಡು ಸಾವಿರದ ಏಳುನೂರ ಅರವತ್ತು.
ನಮ್ಮ ವ್ಯಾನು ಅಷ್ಟು ತೂಗುವುದೇ ಇಲ್ಲ."
ಹೌದು, ಹೊರೆ ಪಂಕ್ತಿಯಲ್ಲಿ ಬಡಿಸಿದ ಹಾಗೆ
ಎಲ್ಲರಿಗೂ ಸಮನಾಗಿ ಬೀಳುವಂತಿದ್ದರೆ.
ನೀರಿನ ಟ್ಯಾಂಕು, ಮಂಚ, ಬ್ಯಾಟರಿ, ಗ್ಯಾಸು,
ಎಲ್ಲವೂ ಹಿಂದೆ ಹೋಗಿ ಕೂತಿವೆಯಲ್ಲ,
ಹಿಂದಿನ ಎರಡು ಗಾಲಿ ಯಾರನ್ನು ಕೂಗಬೇಕು?

ಹಿಂದಿನ ಅಚ್ಚಿಗೆ ಎಷ್ಟಾದೀತೆಂದು ಬರೆದು ತಂದಿದ್ದ,
ಹಳೆಯ ಉಬ್ಬರವಿಳಿತದ ಪಟ್ಟಿಯ ಬೆನ್ನಿಗೆ, ಪೆನ್ಸಿಲಿನಲ್ಲಿ:
ಸಾವಿರದ ಐನೂರ ಐವತ್ತು. ನಾಯಿಯನ್ನೂ ಸೇರಿಸಿ.
ಬಂದರಿನ ತೂಕದ ಕಟ್ಟೆ ಐದು ನಿಮಿಷದ ದಾರಿ,
ಹೋಗಿ ಬನ್ನಿ ಅಂದೆ. ಹೋದರು. ಬಂದರು.
ಚೀಟಿ ಹೇಳಿತು: ಸಾವಿರದ ಆರುನೂರ ಹತ್ತು.

ಅರವತ್ತು ಕಿಲೊ.
"ನನ್ನ ಜಾಮಿನ ಸೀಸೆಗಳಿರಬೇಕು," ಎಂದಳು ವಿಲ್ಮಾ,
ಹೇಳುತ್ತಲೇ ನಂಬದೆ.
ಗಿಬಿ ಕ್ಯಾಪು ತೆಗೆದ. ಮತ್ತೆ ಹಾಕಿಕೊಂಡ.
ಆಮೇಲೆ ಮಂಚದ ಹಲಗೆ ಎತ್ತಿದ.

ಕಂಬಳಿಯಲ್ಲಿ ಸುತ್ತಿದ ಕಂಚಿನ ಪ್ರೊಪೆಲ್ಲರು,
ಮೂರು ಎಲೆ, ಒಂದರ ಅಂಚು ಕಚ್ಚಿಹೋಗಿದೆ.
ದೋಣಿ ಒಡೆಸಿದರೆ ಪರಿಹಾರ ಎಂದ ವರ್ಷ
ಉಳಿದದ್ದೆಲ್ಲ ಗುಜರಿಗೆ ಹೋಗಿತ್ತು.
"ಮಾರಿದೆ ಅಂದಿದ್ದೆ."
"ಅಂದಿದ್ದೆ."
ನಾಯಿ ಒಮ್ಮೆ ಮೂಸಿ ಹೊರಗೆ ಇಳಿಯಿತು.
"ನೀರಿನಲ್ಲಿ ಇದು ಭಾರವೇ ಅನಿಸುತ್ತಿರಲಿಲ್ಲ," ಎಂದ ಗಿಬಿ,
ನನಗೋ ಅವಳಿಗೋ ತಿಳಿಯಲಿಲ್ಲ.
ಎಲ್ಲಿಗೆ ಒಯ್ಯುತ್ತೀ ಎಂದು ಯಾರೂ ಕೇಳಲಿಲ್ಲ.
ನಾನು ಬೋಲ್ಟುಗಳ ಡಬ್ಬಿ ಹುಡುಕುತ್ತಾ ಇದ್ದೆ,
ಅದು ಕಣ್ಣೆದುರಿಗೇ ಇತ್ತು.

ಬಹಳ ಹೊತ್ತಿನ ಮೇಲೆ ವಿಲ್ಮಾ
ಕಂಬಳಿಯನ್ನು ಮೊದಲಿದ್ದ ಹಾಗೆಯೇ ಹೊದಿಸಿ
ನನ್ನ ಕಡೆ ತಿರುಗಿದಳು:
"ಹಾಗಾದರೆ ದೊಡ್ಡ ಅಂಕಿಯದು ತೋರಿಸು."

ಮೂಲೆಯಿಂದ ಉಕ್ಕಿನವನ್ನು ಉರುಳಿಸಿ ತಂದೆ.
ಬೂದು ಬಣ್ಣ, ರೊಟ್ಟಿಯ ತವೆಯ ರೂಪ. ೯೨೫.
ಟೈರಿನ ಪಕ್ಕೆಯಲ್ಲಿ ೧೦೪, ಅಂದರೆ ಒಂಬೈನೂರು ಕಿಲೊ;
ಎರಡರಲ್ಲಿ ಚಿಕ್ಕದೇ ನಿಮ್ಮ ಮಿತಿ, ನೆನಪಿರಲಿ.
ಗಿಬಿ ಚೀಟಿಯನ್ನು ಅರ್ಧ ಮಾಡಿದ:
"ಎಂಟುನೂರ ಐದು. ಇಷ್ಟು ಸಾಲದೇ?"
ಸಾಲದು. ಬಾಗಿಲ ಕಂಬದ ತಗಡು ನೋಡು,
ಅಚ್ಚಿಗೆ ಸಾವಿರದ ಏಳುನೂರ ಇಪ್ಪತ್ತು,
ತಲೆಗೆ ಎಂಟುನೂರ ಅರವತ್ತು. ಅದಕ್ಕೆ ತಾಳುವಂಥದ್ದೇ ಬೇಕು.
ತೂಕದ ಚೀಟಿ ಇವತ್ತಿನದು.
ದಾರಿಯಲ್ಲಿ ಇನ್ನೇನು ಹತ್ತಿಸಿಕೊಳ್ಳುತ್ತೀರೋ
ನಿಮಗೇ ಗೊತ್ತಿಲ್ಲ.

ಒಂದೊಂದೇ ಬೋಲ್ಟು, ಎದುರುಬದುರು,
ಟಾರ್ಕ್ ಪಾನ ಟಿಕ್ ಎನ್ನುವ ತನಕ.
ಐವತ್ತು ಮೈಲಿ ಓಡಿಸಿ ಮತ್ತೆ ಬಿಗಿಸಿಕೊಳ್ಳಿ ಅಂದೆ.
ಇಲ್ಲಿಗೆ ಬರಲಿಲ್ಲ. ಬೇರೆಲ್ಲೋ ಬಿಗಿಸಿರಬೇಕು,
ಪಡುವಣ ತೀರದ ಯಾವುದೋ ಗ್ಯಾರೇಜಿನಲ್ಲಿ.

ಕಪ್ಪು ಗಾಲಿಗಳನ್ನು ಮೀನಿನ ಕಾರ್ಖಾನೆಯ ಹುಡುಗನೊಬ್ಬ
ತನ್ನ ಪುಟ್ಟ ಕಾರಿಗೆ ಕೊಂಡ.
ಅವನಿಗೂ ಬೋರಲು ಹಾಕಿ ತೋರಿಸಿದೆ.
ನಕ್ಕ.
"ನನಗೆ ಹೊರಲು ಏನಿದೆ?" ಅಂದ.