ಕೋರ್ಟು ಏಳುವ ತನಕ

ಕಾಗದ ಬಂದದ್ದು ಮಲಯಾಳದಲ್ಲಿ.
ನನಗೆ ಓದಲಿಕ್ಕೆ ಬಂದದ್ದು ಗಾಡಿಯ ನಂಬರು ಮಾತ್ರ.
ಅಂಗನವಾಡಿಯ ಪ್ರಸೀತ ಟೀಚರು ಕನ್ನಡಕ ಏರಿಸಿ ಓದಿ
"ಪಿಳ ಉಂಟು ವಾರಿಜಕ್ಕಾ" ಅಂದರು.
ಪಿಳ ಎಂದರೆ ದಂಡ.
ತಪ್ಪು ಎಂತಲೂ ಅರ್ಥ ಉಂಟಂತೆ.
ಎರಡಕ್ಕೂ ಒಂದೇ ಮಾತು ಸಾಕಾಗುವ ಭಾಷೆಯಲ್ಲಿ
ವಾದ ಮಾಡುವುದೆಂತ?

ಮಾಡಲಿಕ್ಕೂ ಇರಲಿಲ್ಲ. ಕೀಲಿಕೈ ಕೊಟ್ಟವಳು ನಾನೇ.
ಒಣಮೆಣಸು ಎರಡು ಕಿಲೊ, ಕೊತ್ತಂಬರಿ ಒಂದು,
ಬದಿಯಡ್ಕದ ಮಿಲ್ಲಿನಲ್ಲಿ ಪುಡಿ ಮಾಡಿಸಿ ಬಾ ಮಗಾ,
ಮೇನ್ ರೋಡು ಬೇಡ, ಶಾಲೆಯ ಹಿಂದಿನ ದಾರಿಯಲ್ಲಿ ಹೋಗು
ಎಂದದ್ದೂ ನಾನೇ.
ಪೊಲೀಸರಿಗೂ ಆ ದಾರಿ ಗೊತ್ತಿತ್ತು.

ಮೋಕ್ಷಿತನಿಗೆ ಹದಿನೇಳು ತುಂಬಿ ನಾಲ್ಕು ತಿಂಗಳು.
ಪ್ರಾಯ ಕೇಳಿದ್ದಕ್ಕೆ ನಿಜ ಹೇಳಿದನಂತೆ.
ಸುಳ್ಳು ಹೇಳಬಾರದೆಂದು ಕಲಿಸಿದ್ದು ಯಾರೋ,
ಹೋಗಲಿ ಬಿಡಿ.

ಗಾಡಿ ನನ್ನ ಹೆಸರಲ್ಲಿ.
ಉಪ್ಪಿನಕಾಯಿ ಮಾರಿ ನಾಲ್ಕು ವರ್ಷ ಕಂತು ಕಟ್ಟಿದ್ದೇನೆ,
ಒಂದು ದಿನವೂ ಹ್ಯಾಂಡಲು ಹಿಡಿದವಳಲ್ಲ.
ಸೆರಗು ಸೊಂಟಕ್ಕೆ ಸಿಕ್ಕಿಸಿ ಓರೆಯಾಗಿ ಕೂತದ್ದಷ್ಟೆ,
ಮೊದಲು ಇವರ ಹಿಂದೆ,
ಇವರು ಶಾರ್ಜಾಕ್ಕೆ ಹೋದ ಮೇಲೆ ಮಗನ ಹಿಂದೆ.

ಕಾಸರಗೋಡಿನ ಕೋರ್ಟಿನಲ್ಲಿ ಫ್ಯಾನು ಮೂರು, ತಿರುಗುವುದು ಎರಡು.
ತಪ್ಪು ಒಪ್ಪುತ್ತೀರಾ ಎಂದು ಗುಮಾಸ್ತ ಕನ್ನಡದಲ್ಲೇ ಕೇಳಿದ.
ಒಪ್ಪಿದೆ. ತೀರಾ ಬೇಗ ಒಪ್ಪಿದೆನೋ ಏನೋ,
ಮ್ಯಾಜಿಸ್ಟ್ರೇಟಮ್ಮ ತಲೆಯೆತ್ತಿ ನೋಡಿದರು. ನನ್ನ ತಂಗಿಯ ಪ್ರಾಯ.
ಇಪ್ಪತ್ತೈದು ಸಾವಿರ ರೂಪಾಯಿ.
ಗಾಡಿಯ ರಿಜಿಸ್ಟ್ರೇಶನ್ ಒಂದು ವರ್ಷ ರದ್ದು.
ಹುಡುಗನಿಗೆ ಇಪ್ಪತ್ತೈದು ತುಂಬುವ ತನಕ ಲೈಸೆನ್ಸಿಲ್ಲ.
ಮತ್ತೆ ನನಗೆ, ಕೋರ್ಟು ಏಳುವ ತನಕ ಸಜೆ.

ಏಳುವುದೆಂದರೆ?
ಕಟ್ಟಡವೇ ಏಳುತ್ತದೋ ಎಂದು ಒಂದು ಗಳಿಗೆ ಗಾಬರಿ.
"ಸಂಜೆ ಅವರು ಕುರ್ಚಿ ಬಿಟ್ಟೇಳುವ ತನಕ ಇಲ್ಲೇ ಕೂತಿರಿ"
ಎಂದಳು ಪೊಲೀಸು ಹುಡುಗಿ. ನನ್ನ ಜೈಲೆಂದರೆ ಅಷ್ಟೇ,
ಗೋಡೆಬದಿಯ ಒಂದು ಬೆಂಚು.

ನಿಜ ಹೇಳುತ್ತೇನೆ,
ಮದುವೆಯಾದ ಮೇಲೆ ಇಷ್ಟು ಹೊತ್ತು
ಕೈ ಕಟ್ಟಿ ಸುಮ್ಮನೆ ಕೂತದ್ದೇ ಇಲ್ಲ ನಾನು.
ಪಕ್ಕದಲ್ಲಿ ಮರಳು ಲಾರಿಯ ಉಮ್ಮರ್‌ಕುಂಞಿ,
ಲೈಸೆನ್ಸು ಹಳಸಿ ಹದಿಮೂರು ತಿಂಗಳು.
"ನಿಮಗೆ ಗಾಡಿ ಬಿಡಲಿಕ್ಕೆ ಬರ್ತದಾ?"
ಇಲ್ಲ.
"ಮತ್ತೆ ಎಂತಕ್ಕೆ ಶಿಕ್ಷೆ?"
ಕೊಟ್ಟದ್ದಕ್ಕೆ.
ಅವನು ಸ್ವಲ್ಪ ಯೋಚಿಸಿ
ಜೇಬಿನಿಂದ ಒಂದು ನಿಂಬೆಪೆಪ್ಪರಮಿಂಟು ತೆಗೆದು ಕೊಟ್ಟ.

ಐದಕ್ಕೆ ಹತ್ತು ಇರುವಾಗ ಆಕೆ ಎದ್ದರು.
ಎಲ್ಲರೂ ಎದ್ದರು.
ನನ್ನ ಎಡಗಾಲಿಗೆ ಜೋಮು ಹಿಡಿದಿತ್ತು,
ಎಲ್ಲರಿಗಿಂತ ಒಂದು ನಿಮಿಷ ಹೆಚ್ಚು ಜೈಲಿನಲ್ಲಿದ್ದೆ.

ಠಾಣೆಯ ಅಂಗಳದಲ್ಲಿ ನಮ್ಮ ಗಾಡಿಯ ಸೀಟು ಎತ್ತಿದರೆ
ಮೆಣಸಿನ ಪುಡಿಯ ಕಟ್ಟು ಒಡೆದು ಕೂತಿತ್ತು.
ಸೀನಿದೆ. ಕಾವಲಿನ ಪೊಲೀಸನೂ ಸೀನಿದ.
ಆ ದಿನ ಸರಕಾರವೂ ನಾನೂ ಒಟ್ಟಿಗೆ ಮಾಡಿದ್ದು ಅದೊಂದೇ.

ಈಗ ರಾತ್ರಿ ಊಟವಾದ ಮೇಲೆ ನನಗೆ ಪಾಠ.
ಲರ್ನರ್ಸ್ ಪರೀಕ್ಷೆ ಕನ್ನಡದಲ್ಲೂ ಬರೆಯಬಹುದಂತೆ.
ಎಂಟು ವರ್ಷ ಹಿಂದಿನ ಸೀಟಿನಲ್ಲಿ ಕೂರಬೇಕಾದವನು
ಫೋನು ಹಿಡಿದು ಕೇಳುತ್ತಾನೆ:
ಕೆಂಪು ತ್ರಿಕೋನ, ಒಳಗೆ ಕಪ್ಪು ಬಾಣ,
"ಇದೆಂತಮ್ಮಾ?"
ಬಲಕ್ಕೆ ತಿರುವು.
"ಇದು?"
ಮುಂದೆ ಸಪೂರ ಸಂಕ.
"ಇದು?"
ಇಬ್ಬರು ಮಕ್ಕಳು, ಚೀಲ ಹಿಡಿದು ಓಡುತ್ತಿದ್ದಾರೆ.
ಉತ್ತರ ಗೊತ್ತುಂಟು ನನಗೆ.
ಆದರೂ ಬಾಯಿ ಬರುವುದಿಲ್ಲ,
ಮಿಲ್ಲಿಗೆ ನಾನು ಹೇಳಿ ಕಳಿಸಿದ ದಾರಿ ಅದು.