ಷರಾ

ಕಾವಲೂರಿಗೆ ಹೋಗಿದ್ದೆವು, ಹತ್ತನೇ ಕ್ಲಾಸಿನ ಮೂವತ್ತೆಂಟು ಮಂದಿ,
ಶಹಾಪುರದಿಂದ ಒಂದು ಹಗಲು, ಒಂದು ರಾತ್ರಿಯ ಹಾದಿ.
ಅನಂತಪುರ ದಾಟೂತನಕ ಸಾಬಣ್ಣ ಕಾರಿಕೊಂಡ,
ಆದರೂ ಕಿಟಕಿ ಸೀಟು ಬಿಡಲಿಲ್ಲ.
ಶನಿಯ ಬಳೆ ಮೊದಲು ತಾನೇ ನೋಡಬೇಕಂತ.

ಐದು ಮೊಳದ ಕನ್ನಡಿ ಅಲ್ಲಿ.
ಗುಂಬಜು ನಮ್ಮ ಕಲಬುರಗಿ ದರ್ಗಾದ್ದರಂಗೇ,
ಆದರ ಇದು ತಿರುಗ್ತದ.
ಗರ್ರ್ ಅಂತ ಮೋಟಾರು ಕೂಗಿ ಬಾಗಿಲು ಸರೀತು,
ಮ್ಯಾಲ ಕಂಡದ್ದು ನೆಂದ ಅರಳಿಯಂಥ ಮೋಡ.
ಒಂದು ಹನಿ ಬಿತ್ತು. ತಕ್ಷಣ ಮುಚ್ಚಿದರು.
"ಕನ್ನಡಿಗೆ ನೆಗಡಿ ಆಗ್ತದ" ಅಂದ ಮಲ್ಲಣಗೌಡ.
ಯಾರೂ ನಗಲಿಲ್ಲ.

ಅಲ್ಲಿನ ಆಪರೇಟರ್, ಸ್ವೆಟರಿನ ಮೊಣಕೈ ಹರಿದ ಮನುಷ್ಯ,
ತಾನೇ ತಪ್ಪು ಮಾಡಿದವರಂಗ ತಲೆ ಕೆರೆದುಕೊಂಡು
ದಪ್ಪನೆಯ ರಿಜಿಸ್ಟರ್ ತೆಗೆದು ತೋರಿಸಿದ.
ದಿನಾಂಕ. ಹೊತ್ತು. ಷರಾ: ಮೋಡ.
ಅದರ ಕೆಳಗ ಎರಡು ಚುಕ್ಕಿ, ಅಂದರ ಮೋಡ.
ಅದರ ಕೆಳಗೂ ಎರಡು ಚುಕ್ಕಿ.
ಆ ರಾತ್ರಿ ನಮಗ ಕಂಡ ಚುಕ್ಕಿ ಅವಷ್ಟೇ.
"ಏನೂ ಕಾಣದಿದ್ದರೂ ಬರೀಬೇಕಾ ಸರ್?"
ದೇವಿಂದ್ರಮ್ಮ ಕೇಳಿದಳು.
"ಎಚ್ಚರ ಇದ್ದೆ ಅಂತ ಆದರೂ ಗೊತ್ತಾಗಬೇಕಲ್ಲಮ್ಮಾ"
ಅಂದ, ತಮಿಳು ಬೆರೆತ ಕನ್ನಡದಾಗ.

ವಾಪಸ್ ಬರೂವಾಗ ಅಂತ್ಯಾಕ್ಷರಿ ಇಲ್ಲ, ಜಗಳ ಸಹ ಇಲ್ಲ.
ಊರು ಇನ್ನೇನು ಬಂತು ಅನ್ನೂದರಾಗ,
ವಿಭೂತಿಹಳ್ಳಿ ಹತ್ತಿರ ಟೈರು ಠುಸ್ ಅಂತು.
ನಸುಕಿನ ಐದು. ಜನವರಿ ಚಳಿ.
ತಹಸೀನ್ ಮೇಡಂ ಶಾಲು ತಲೆಗೆ ಸುತ್ತಿ ಇಳಿದವರು
ಮ್ಯಾಲ ನೋಡಿ ಹಂಗೇ ನಿಂತರು.
"ಎಲ್ಲಾರೂ ಇಳೀರಿ. ಚಪ್ಪಲಿ ಹಾಕ್ಕೊಂಡು. ಮುಳ್ಳದಾವ."

ಹಳೇ ಬಾಕಿ ಎಲ್ಲಾ ಒಮ್ಮೆಲೇ ಎಣಿಸಿ ಕೊಟ್ಟವರಂಗ
ಆಕಾಶ ಚೀಲ ಸುರುವಿತ್ತು.
ನೆತ್ತಿ ಹತ್ತಿರ ಏಳು ಋಷಿ, ಮೂಡಲಕ್ಕ ಚೇಳಿನ ಕೊಂಡಿ ಇನ್ನೂ ಎದ್ದಿದ್ದಿಲ್ಲ.
ಬೆಳ್ಳಿ ಚುಕ್ಕಿ ಯಾರದೋ ಮನಿ ಬಲ್ಬು ಅಂತ ತಿಳಿದಿದ್ದೆ.

ಕೆಳಗ ಕಲ್ಲು.
ದಿನಾ ಬಸ್ಸಿನಾಗಿಂದ ಕಾಣೂ ಕಲ್ಲೇ,
ಹತ್ತಿ ಹೊಲದ ನಡುವ ಗುಂಡುಗುಂಡು, ಸಾಲುಸಾಲು.
ಮಲ್ಲಣಗೌಡನ ಅಪ್ಪ ಇವಕ್ಕ ಬೈಕೋಂತ
ಟ್ರ್ಯಾಕ್ಟರ್ ತಿರುಗಿಸ್ತಿದ್ದ.
"ಯಾರೋ ಇಟ್ಟಾರ, ಕಬ್ಬಿಣ ಹೊಸದಿದ್ದಾಗ" ಅಂದರು ಮೇಡಂ,
"ಸೂರ್ಯನ ಲೆಕ್ಕಕ್ಕ ಅಂತಾರ ಕೆಲವರು,
ಅಲ್ಲ ಅಂತಾರ ಕೆಲವರು. ನೋಡೂನು, ಹೆಂಗೂ ಸ್ಟೆಪ್ನಿ ಇಲ್ಲ."

ಕಲ್ಲಿಗೊಬ್ಬರು ನಿಂತೆವು, ಓರೆ ಸಾಲಿನಾಗ.
ನನ್ನ ಕಲ್ಲು ತಣ್ಣಗಿತ್ತು, ಕುರಿ ಮೈ ಉಜ್ಜಿ ಉಜ್ಜಿ
ಒಂದು ಮಗ್ಗಲು ನುಣ್ಣಗ.
ನನ್ನ ಮುಂದಿನ ಕಲ್ಲಿನ ಹತ್ತಿರ ದೇವಿಂದ್ರಮ್ಮನ ಜಡೆ,
ಅದರಾಚೆ ಕಲ್ಲು, ಕಲ್ಲು, ಅದರಾಚೆ ಕೆಂಪು.

ಸೂರ್ಯ ಬಂದ. ಸಾಲಿನ ಮ್ಯಾಲ ಅಲ್ಲ.
ಸಾಬಣ್ಣ ಒಂದು ಕಣ್ಣು ಮುಚ್ಚಿ ಕೈ ಚಾಚಿ ಅಳೆದ:
"ಒಂದು ಬೆರಳು ಎಡಕ್ಕ ತಪ್ಪೇದ ಮೇಡಂ.
ಕಲ್ಲು ಇಟ್ಟವಗ ಲೆಕ್ಕ ಬರ್ತಿದ್ದಿಲ್ಲ."
"ಇಲ್ಲಾಂದರ ನಾವು ಬಂದ ದಿನ ತಪ್ಪು" ಅಂದರು ಮೇಡಂ,
"ಇಪ್ಪತ್ತು ದಿನ ತಡ ಆಗಿ ಬಂದೀವಿ."

ಅಷ್ಟರಾಗ ಹತ್ತಿ ಬಿಡಿಸೂವರ ಟಂಟಂ ಬಂದು ನಿಂತು
ಹದಿನಾಲ್ಕು ಹೆಂಗಸರು ಇಳಿದರು. ಹದಿಮೂರನೇದವಳು ನಮ್ಮವ್ವ.
"ಒಂದೂವರೆ ಸಾವಿರ ಕೊಟ್ಟು ಕಳಿಸಿದ್ದು
ಇದೇ ಹೊಲಕ್ಕೇನವಾ?"
ಅಂದಳು, ಉತ್ತರ ಕಾಯದೆ ನನ್ನ ಕೈಗೆ
ಬಿಸಿ ರೊಟ್ಟಿ ಮುರಿದು ಇಟ್ಟಳು.

ದೇವಿಂದ್ರಮ್ಮ ಲೆಕ್ಕದ ನೋಟ್‌ಬುಕ್ಕಿನ ಕಡೇ ಹಾಳಿಗೆ
ಮೂರು ಗೆರೆ ಎಳೆದು ಬರೆದಳು.
ದಿನಾಂಕ. ಹೊತ್ತು.
ಷರಾ: ಒಂದು ಬೆರಳು ಎಡಕ್ಕ. ಮತ್ತ ಬರಬೇಕು.

ಆ ಡಿಸೆಂಬರ್ ಇಪ್ಪತ್ತೆರಡಕ್ಕ ಐದೇ ಮಂದಿ ಬಂದೆವು,
ಅಷ್ಟೊತ್ತಿಗೆ ಕಾಲೇಜು ಬೇರೆಬೇರೆ,
ಸಾಬಣ್ಣಗ ಗ್ಯಾರೇಜು.
ಷರಾ: ಮೋಡ.

ಮರುದಿನ ನಾನೊಬ್ಬಳೇ.
ಎರಡು ಚುಕ್ಕಿ.